ತಾಟು ತೊಳೆದ ನೀರು

ಮಗಳು ಉಂಡೆದ್ದ ತಾಟನ್ನು ಎತ್ತುವಾಗ ಉಪ್ಪಿನಕಾಯಿಯ ವಾಸನೆ ಮೂಗಿಗೆ ಬಡಿದು ನನ್ನ ಕೈ ತಡೆಯಿತು. ಡಾಕ್ಟರು ನನಗೂ ಉಪ್ಪು ಬಿಡಲು ಹೇಳಿ ಇನ್ನೂ ವಾರವಾಗಿಲ್ಲ.

ಇಂಥದೇ ವಾಸನೆಯ ಒಂದು ಮಧ್ಯಾಹ್ನ ನೆನಪಾಯಿತು. ನನಗಾಗ ಒಂಬತ್ತು ವರ್ಷ. ಆ ಮಧ್ಯಾಹ್ನ ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿಯನ್ನು ಕರೆದುಕೊಂಡು ಚಂದಾಪುರದ ದವಾಖಾನೆಯಿಂದ ಬಂದಿದ್ದಳು. ಆಯಿಯ ಬಿಪಿ ಮೊದಲಿಗಿಂತ ಏರಿತ್ತು. ಅವ್ವ ನಿಂತಲ್ಲಿ ನಿಲ್ಲಲಿಲ್ಲ. ಉಪ್ಪಿನಕಾಯಿ ಭರಣಿಯನ್ನು ಇಳಿಸಿ ನೋಡಿದಳು, ಮೇಲಿಟ್ಟಳು, ಮತ್ತೆ ಇಳಿಸಿದಳು.

"ತಿಂಗಳಾತು, ಸಪ್ಪನ್ ಬ್ಯಾಳೀನೇ ಉಣ್ಣಾಕತ್ತೀರಿ ಅತ್ತಿ. ಮತ್ತ್ಯಾಕ ಬಿಪಿ ಇಳಿವಲ್ದ್ರಿ?"

"ನನಗೇನ್ ಗೊತ್ತು? ನೀ ನೀಡಿದ್ದೇ ಉಣ್ಣಾಕತ್ತೀನಿ."

ಊಟಕ್ಕೆ ಕುಳಿತೆವು. ಆಯಿಯ ಕಣ್ಣು ಎಂದಿನಂತೆ ನನ್ನ ತಾಟಿನ ಮೇಲೆಯೇ. "ಇನ್ನೊಂದಿಷ್ಟು ಉಪ್ಪಿನಕಾಯಿ ಹಾಕ್ಕೋ ನನ್ನವ್ವಾ. ಮಸಾಲಿ ಬಿಟ್ರೂ ನಡೀತದ."

ಉಣ್ಣುವುದೆಲ್ಲ ಪ್ರಸಾದ, ಚೆಲ್ಲಬಾರದೆಂದು ತಾಟು ತೊಳೆದು ಆ ನೀರು ಕುಡಿಯುವುದು ನಮ್ಮ ಮನೆಯ ರೂಢಿ. ನಾನು ಅರ್ಧಕ್ಕೇ ಎದ್ದು ಓಡುತ್ತಿದ್ದೆ; ನನ್ನ ತಾಟನ್ನು ಆಯಿಯೇ ತೊಳೆದು ಕುಡಿಯುತ್ತಿದ್ದಳು. ಆ ನೀರು ಎಷ್ಟು ಕೆಂಪಗಿರುತ್ತಿತ್ತೆಂಬುದು ಆಗ ಒಮ್ಮೆಲೇ ನೆನಪಾಯಿತು. ಅವ್ವನಿಗೆ ಹೇಳಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡದೆ ಮಸಾಲೆಯನ್ನೆಲ್ಲ ನೆಕ್ಕಿ ತಾಟನ್ನು ಆಯಿಯ ಮುಂದೆ ಸರಿಸಿದೆ.

ಆಯಿ ಬರಿದಾದ ತಾಟನ್ನು ನೋಡಿದಳು, ನನ್ನನ್ನು ನೋಡಿದಳು. ಆದರೂ ನೀರು ಸುರಿದು, ಬೆರಳಾಡಿಸಿ, ಕೊನೆಯ ಹನಿಯವರೆಗೂ ಕುಡಿದಳು.

"ಭಾಳ ಸಪ್ಪಗದ" ಎಂದಳು, ಅವ್ವನಿಗೆ ಕೇಳಿಸದ ಹಾಗೆ.