ಶಿಕ್ಷಣ ಇಲಾಖೆ ಮುಚ್ಚುತ್ತಾರಂತೆ

ಎರಡು ವರ್ಷಗಳಲ್ಲಿ ಮೊದಲ ಸಲ ಈಶಮ್ಮ ಹೊತ್ತಿಗೆ ಮೊದಲೇ ಶಾಲೆಗೆ ಬೀಗ ಹಾಕಿದಳು. ಮೂವತ್ತೊಂದು ಮಕ್ಕಳಿಗೂ ಹದಿಮೂರರ ಮಗ್ಗಿ ಬರೆದು ತರಲು ಹೇಳಿ, ಮಧ್ಯಾಹ್ನದ ಜಹೀರಾಬಾದ್ ಬಸ್ಸು ಹತ್ತಿದಳು.

ಇದಕ್ಕೆಲ್ಲ ಕಾರಣ ಕಿರಾಣಿ ಅಂಗಡಿಯ ಅಮರ್‌ನ ಫೋನು. ಹಿಂದಿನ ಸಂಜೆ ಅದರಲ್ಲಿ ಬಂದ ಸುದ್ದಿಯನ್ನು ಅವನು ಓದಿ ಹೇಳಿದ್ದ: ದೇಶದ ಶಿಕ್ಷಣ ಇಲಾಖೆಯನ್ನೇ ಮುಚ್ಚಲು ಮಸೂದೆ.

"ಇಲಾಖೆನೇ ಮುಚ್ಚಿದ್ರ ನಮ್ಮ ಸಾಲಿ ಎಲ್ಲಿ ಉಳೀತದ, ಈಶಮ್ಮ?"

ಈಶಮ್ಮನಿಗೆ ರೇಗಿತು. ಮುಚ್ಚುವುದಕ್ಕೆ ಇದೇನು ಸಂತೆಯ ಅಂಗಡಿಯೇ? ಆ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ಅವಳ ಕೈ. ದಿನಾ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವಳೂ ಅವಳೇ. ಹಾಜರಿಯಲ್ಲಂತೂ ಅವಳು ಬಲು ಖಡಕ್. ಒಂದು ತಲೆ ತಪ್ಪಿ ಎಣಿಸಿದರೂ ಮಧ್ಯಾಹ್ನ ಯಾರಿಗಾದರೂ ಊಟ ಕಡಿಮೆ ಬೀಳುತ್ತಿತ್ತು. ಭಾಗಾಕಾರವನ್ನು ಮೊಟ್ಟೆ ಹಂಚಿ ಕಲಿಸಿದ್ದಳು. ಸೀಮೆಸುಣ್ಣ ಮುಗಿದ ದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದಳು.

ಶಾಲೆ ಮುಚ್ಚಬಾರದೆಂದು ರಾತ್ರಿಯೇ ಅರ್ಜಿ ಬರೆದಳು. ಬೆಳಿಗ್ಗೆ ಊರಿನವರಿಂದ ನಲವತ್ತು ಹೆಬ್ಬೆಟ್ಟು ಒತ್ತಿಸಿದಳು.

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಆನಂದಕುಮಾರ ಎಂಬ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. ನಗು ತಡೆಯಲಾಗಲಿಲ್ಲ.

"ಟೀಚರ್, ಇದು ಅಮೆರಿಕಾದ ಸುದ್ದಿರಿ. ಅಲ್ಲಿ ಇಲಾಖೆ ಮುಚ್ಚಬೇಕಂತ ಯಾರೋ ಮಸೂದೆ ತಂದಾರ. ನಮ್ಮದು ಯಾರೂ ಮುಚ್ಚಂಗಿಲ್ಲ. ಆರಾಮ ಮನಿಗೆ ಹೋಗ್ರಿ."

ಈಶಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೂ ಖಾತ್ರಿ ಮಾಡಿಕೊಂಡಳು. "ಹಂಗಾದ್ರ ನಮ್ಮ ಇಲಾಖೆ ಅದ ಅಲ್ರಿ?"

"ಅದರಿ. ಗಟ್ಟಿಮುಟ್ಟಾಗಿ ಅದ."

ಬಂದ ಅರ್ಜಿಯನ್ನು ದಾಖಲಿಸಬೇಕಲ್ಲ. ಆತ ರಿಜಿಸ್ಟರ್ ತೆರೆದ. ಊರಿನ ಹೆಸರಿನ ಮೇಲೆ ಬೆರಳು ನಿಂತಿತು.

"ಇಲ್ಲಿ ದತ್ತು ಮಾಸ್ತರ ಒಬ್ಬರೇ ಇದ್ದರು. ಎರಡು ವರ್ಷದ ಹಿಂದ ತಾಂಡೂರಿಗೆ ಹೋಗ್ಯಾರ. ಅವರ ಜಾಗಾಕ್ಕ ಯಾರನ್ನೂ ಹಾಕಿಲ್ಲ." ಆತ ನಿಧಾನವಾಗಿ ತಲೆ ಎತ್ತಿದ. "ಮತ್ತ ನೀವ್ಯಾರ್ರಿ?"

ಈಶಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಹೊಸ ಮಾಸ್ತರ ಬರೋತನಕ ನೋಡ್ಕೋ ಅಂತ ಕೀಲಿ ಕೊಟ್ಟು ಹೋಗ್ಯಾರ್ರಿ. ನಾ ಅಲ್ಲಿ ಅಡಗಿ ಮಾಡಾಕಿ."