ಕೌಂಟರಿನ ಒಳಬದಿ

ನ್ಯೂಜೆರ್ಸಿಯ ಹೆದ್ದಾರಿ ಬದಿಯ ಹಳೇ ಡೈನರ್ ಹೋಟೆಲು ಇಡಿಯಾಗಿ ವಸ್ತುಸಂಗ್ರಹಾಲಯಕ್ಕೆ ಹೊರಟಿತ್ತು. ಕೌಂಟರಿನ ಹಿಂದೆ ಸವೆದುಹೋದ ಟೈಲ್ಸ್ ಮೇಲೆ ದುರಸ್ತಿಗೆ ಬಂದಿದ್ದ ರಸೆಲ್ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದ. ಗೀಟು ಬಿದ್ದದ್ದನ್ನೆಲ್ಲ ಕಿತ್ತು ಹೊಸದು ಕೂರಿಸಬೇಕಿತ್ತು.

“ಸ್ಟೂಲು, ಕೌಂಟರು ಹಾಗೇ ಇರ್ತವೆ, ಮಿಸ್ ಲೊರೆಟ್ಟಾ. ಜನ ಕೂರೋದು ಆ ಕಡೆ. ಈ ಕಡೆ ಯಾರು ನೋಡ್ತಾರೆ?”

ನಲವತ್ತೊಂದು ವರ್ಷ ಅಲ್ಲಿ ಬಡಿಸಿದ್ದ ಲೊರೆಟ್ಟಾ ಕೌಂಟರಿನ ಒಳಗೆ ಬಂದು, ತಣ್ಣಗಾದ ಕಾಫಿ ಹಂಡೆಯ ಮುಂದೆ ನಿಂತಳು. ನೆಲ ಸವೆದು ಆದ ಎರಡು ತಗ್ಗುಗಳಲ್ಲಿ ಅವಳ ಎರಡು ಪಾದಗಳು ಸರಿಯಾಗಿ ಕೂತವು.

“ಕಾಫಿ ತಾನಾಗೇ ಆ ಕಡೆ ಹೋಗ್ತಿತ್ತು ಅಂದ್ಕೊಂಡಿದ್ಯೇನೋ, ಮಗಾ?”

ರಸೆಲ್ ಅವಳ ಬೂಟುಗಳನ್ನೇ ನೋಡುತ್ತ ನಿಂತ. ಆಮೇಲೆ ಮಂಡಿಯೂರಿ, ಸುತ್ತಲಿನ ಗೀಟುಗಳನ್ನು ಅಂಗಿಯ ತೋಳಿನಿಂದ ಒಂದೊಂದಾಗಿ ಒರೆಸಿದ.

“ಸ್ವಲ್ಪ ಕಾಲೆತ್ತಿ, ಮಿಸ್ ಲೊರೆಟ್ಟಾ. ಕೆಳಗೆ ಇನ್ನೊಂದು ಗೀಟಿದೆ.”