ಬೆರಳಗಲ ತೊಗಟೆ

"ಎಂಟನೇ ಕ್ಲಾಸು ದಾಟೋಕಾಗದವನು ನಮಗೆ ಪಾಠ ಹೇಳ್ತಾನೆ ನೋಡ್ರಪ್ಪಾ!" ಬಂಡೆಯ ನೆತ್ತಿಯಲ್ಲಿ ಹತ್ತು ಮಂದಿಯ ಎದುರು ತಂಡದ ಯಜಮಾನ ಹಾಗೆಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಗೈಡ್ ಹೇಳಿದ್ದು ಇಷ್ಟೇ: ಈ ಮರಕ್ಕೆ ಇನ್ನು ಹಗ್ಗ ಹಾಕುವುದು ಬೇಡ, ಹಿಂದಿನ ಕಾಲುದಾರಿಯಲ್ಲಿ ನಡೆದೇ ಇಳಿಯೋಣ. ಹಗ್ಗದಲ್ಲಿ ಇಪ್ಪತ್ತು ನಿಮಿಷ, ನಡೆದರೆ ಎರಡು ಗಂಟೆ.

ನೆತ್ತಿಯಲ್ಲಿದ್ದದ್ದು ಅದೊಂದೇ ಮರ. ಬಿರುಕಿನಲ್ಲಿ ಬೇರು ಕಚ್ಚಿಕೊಂಡು ಆಳೆತ್ತರಕ್ಕೆ ಬರುವಷ್ಟರಲ್ಲೇ ಅದಕ್ಕೆ ಮುಪ್ಪು ಬಂದಿತ್ತು. ಪ್ರತಿ ತಂಡ ಇಳಿದ ಮೇಲೂ ಮರಕ್ಕೆ ಬಳಸಿ ಇಳಿಬಿಟ್ಟ ಹಗ್ಗವನ್ನು ಬಿಡಿಸಿಕೊಳ್ಳಲು ಕೆಳಗಿನಿಂದ ಎಳೆದೆಳೆದು ಅದರ ಸೊಂಟದ ತೊಗಟೆ ಸುಲಿದುಹೋಗಿತ್ತು. ಗೈಡ್ ಆ ಗಾಯದೊಳಗೆ ಬೆರಳಿಟ್ಟ. ಅಂಟು ಹತ್ತಿತು. ಅರ್ಧ ಗಾಯ ತನ್ನ ಕೈಯದ್ದೇ ಎಂದು ಅವನಿಗೆ ಗೊತ್ತಿತ್ತು. ಅವನ ಸಿಟ್ಟೆಲ್ಲ ಆ ಕೈಯ ಮೇಲೇ.

"ಹಿಂದ್ಗಡೆ ಬೆರಳಗಲ ತೊಗಟೆ ಉಳಿದಿದೆ ಸಾರ್. ಅದೂ ಹೋದ್ರೆ ಮರ ಒಣಗುತ್ತೆ."

"ಒಣಗಿದ್ರೆ ಸೌದೆ ಆಯ್ತು ಬಿಡಯ್ಯ! ನನ್ನ ನೋಯೋ ಮೊಣಕಾಲಿಗಿಂತ ಹೆಚ್ಚಾ ಅದು? ಕಟ್ಟು ಹಗ್ಗ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ಗೈಡ್ ಹಗ್ಗವನ್ನು ಕೈಗೆತ್ತಿಕೊಂಡ. ಕೊನೆಗೂ ದಾರಿಗೆ ಬಂದನೆಂದು ಯಜಮಾನ ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ತನ್ನ ಸೊಂಟಪಟ್ಟಿ ಬಿಗಿದುಕೊಂಡ. ತಂಡದ ಬಳಿ ಇದ್ದದ್ದು ಅದೊಂದೇ ಹಗ್ಗ. ಗೈಡ್ ಅದನ್ನು ಮೊಣಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿದ, ಗಂಟು ಬಿಗಿದ, ಹೆಗಲಿಗೇರಿಸಿದ.

"ಏಯ್, ಎಲ್ಲಿಗೋ? ನಿನ್ನನ್ನೇ ಕೇಳ್ತಿರೋದು!"

ಗೈಡ್ ತಿರುಗಿಯೂ ನೋಡದೆ ಕಾಲುದಾರಿ ಹಿಡಿದು ನಡೆದ.